ಉಳಿಸಿಟ್ಟ ಗಾಳಿ ಯಾರದು?

ಸ್ಕೂಬಾ ಡೈವಿಂಗ್ ಎಂದ ಕೂಡಲೇ ಹೊಸಬರಿಗೆ ಕಾಡುವ ಭಯ ಎರಡು: ಶಾರ್ಕ್ ಎದುರಾದರೆ ಏನು ಗತಿ, ನೀರಿನಡಿಯಲ್ಲಿ ಸಲಕರಣೆ ಕೈಕೊಟ್ಟರೆ ಏನು ಗತಿ. ಸಾವುಗಳ ಲೆಕ್ಕ ಹೇಳುವುದು ಬೇರೆಯದನ್ನೇ. ಅಮೆರಿಕದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಂಶೋಧಕರು 1992ರಿಂದ 2003ರವರೆಗಿನ 947 ಹವ್ಯಾಸಿ ಡೈವರ್‌ಗಳ ಸಾವುಗಳನ್ನು ಪರಿಶೀಲಿಸಿ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅನಾಹುತಕ್ಕೆ ಮೊದಲ ಕಾರಣ ಯಾವುದೆಂದು ಗುರುತಿಸಲು ಸಾಧ್ಯವಾದ ಪ್ರಕರಣಗಳಲ್ಲಿ ಶೇ. 41 ಶುರುವಾದದ್ದು ಗಾಳಿ ಸಾಲದೆ ಹೋದದ್ದರಿಂದ. ಸಲಕರಣೆಯ ತೊಂದರೆಯಿಂದ ಶುರುವಾದವು ಶೇ. 15. ಗಾಳಿ ಮುಗಿಯುವುದು ಹಠಾತ್ತನೆ ಎರಗುವ ವಿಪತ್ತಲ್ಲ. ಎದೆಯ ಪಕ್ಕದಲ್ಲಿ ತೂಗುವ ಗೇಜಿನ ಮೇಲೆ ಮುಳ್ಳು ನಿಮಿಷ ನಿಮಿಷಕ್ಕೂ ಇಳಿಯುತ್ತ, ಅರ್ಧ ಗಂಟೆ ಮೊದಲಿನಿಂದಲೇ ಅದನ್ನು ತೋರಿಸುತ್ತಿರುತ್ತದೆ. ಹಾಗಿದ್ದೂ ಇದೇ ಎಲ್ಲಕ್ಕಿಂತ ದೊಡ್ಡ ಕಾರಣವಾಗಿರುವುದಕ್ಕೆ ಹೊಸಬರ ಅಜಾಗರೂಕತೆಯನ್ನಷ್ಟೇ ದೂರಿ ಪ್ರಯೋಜನವಿಲ್ಲ. ಗೇಜನ್ನು ನೋಡಬೇಕೆಂದು ಎಲ್ಲರಿಗೂ ಹೇಳಿಕೊಟ್ಟಿರುತ್ತಾರೆ. ಅಲ್ಲಿ ಕಾಣುವ ಅಂಕಿಯಲ್ಲಿ ಎಷ್ಟು ಪಾಲು ತಮ್ಮದು, ಎಷ್ಟು ಪಾಲು ತಮ್ಮದಲ್ಲ ಎಂಬುದನ್ನು ಹೇಳಿಕೊಟ್ಟಿರುವುದು ಕಡಿಮೆ. ಕೊನೆಯಲ್ಲಿ ಉಳಿಸಿಡುವ ಗಾಳಿ ಮುಖ್ಯವಾಗಿ ಜೊತೆಗಾರರಿಗೆ ಸೇರಿದ್ದು. ಈ ಒಂದು ಮಾತನ್ನು ಒಪ್ಪಿಕೊಂಡರೆ ಡೈವಿನ ಲೆಕ್ಕವೆಲ್ಲ ಬದಲಾಗುತ್ತದೆ.

ಮೊದಲು ಸಿಲಿಂಡರಿನೊಳಗೆ ಏನಿದೆ ಎಂದು ನೋಡಬೇಕು. ನಮ್ಮ ಪತ್ರಿಕೆಗಳು ಅದನ್ನು ಆಕ್ಸಿಜನ್ ಸಿಲಿಂಡರ್ ಎಂದು ಬರೆಯುವುದುಂಟು. ಅದರಲ್ಲಿರುವುದು ನಾವು ದಿನವೂ ಉಸಿರಾಡುವ ಗಾಳಿಯೇ, ತೇವ ತೆಗೆದು, ಸೋಸಿ, ಒತ್ತಿ ತುಂಬಿದ್ದು. ಶುದ್ಧ ಆಮ್ಲಜನಕವನ್ನು ಆರು ಮೀಟರಿಗಿಂತ ಆಳದಲ್ಲಿ ಉಸಿರಾಡಿದರೆ ಸೆಳವು ಬಂದು ಪ್ರಾಣಕ್ಕೇ ಕುತ್ತಾಗಬಹುದು. ಪ್ರವಾಸಿ ತಾಣಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಅಲ್ಯೂಮಿನಿಯಂ ಸಿಲಿಂಡರಿನ ಒಳಗಾತ್ರ ಸುಮಾರು 11 ಲೀಟರ್. ಅದರಲ್ಲಿ 200 ಬಾರ್ ಒತ್ತಡಕ್ಕೆ ಗಾಳಿ ತುಂಬಿದರೆ ನೀರಿನ ಮೇಲಿನ ಲೆಕ್ಕದಲ್ಲಿ ಸುಮಾರು 2,200 ಲೀಟರ್ ಆಯಿತು. ಸಾಧಾರಣ ಕಾತರವಿರುವ ಹೊಸಬರು ನಿಮಿಷಕ್ಕೆ 22 ಲೀಟರ್ ಎಳೆಯುತ್ತಾರೆಂದು ಇಟ್ಟುಕೊಳ್ಳೋಣ. ಭಾಗಿಸಿದರೆ ನೂರು ನಿಮಿಷ. ಅಡುಗೆಮನೆಯ ಸಿಲಿಂಡರ್ ಇಷ್ಟು ದಿನ ಬರುತ್ತದೆ ಎಂದು ಅನುಭವದಿಂದ ಹೇಳುವ ಹಾಗೆ ಇದನ್ನೂ ಹೇಳಿಬಿಡಬಹುದಿತ್ತು. ಆದರೆ ಸಮುದ್ರದಲ್ಲಿ ಪ್ರತಿ ಹತ್ತು ಮೀಟರ್ ಇಳಿದಂತೆ ಸುತ್ತಲಿನ ಒತ್ತಡ ಒಂದೊಂದು ಬಾರ್ ಏರುತ್ತದೆ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರ್ ಆ ಒತ್ತಡಕ್ಕೆ ಸರಿಹೊಂದುವಷ್ಟು ದಟ್ಟವಾಗಿ ಗಾಳಿ ಕೊಡಬೇಕು, ಇಲ್ಲವಾದರೆ ಎದೆಗೂಡನ್ನು ಹಿಗ್ಗಿಸಲು ನಮ್ಮ ಸ್ನಾಯುಗಳಿಗೆ ಸಾಧ್ಯವೇ ಆಗುವುದಿಲ್ಲ. ಹೀಗಾಗಿ ಹತ್ತು ಮೀಟರ್ ಆಳದಲ್ಲಿ ಒಂದು ಉಸಿರಿಗೆ ಎರಡು ಉಸಿರಿನ ಗಾಳಿ ಖರ್ಚು, ಇಪ್ಪತ್ತರಲ್ಲಿ ಮೂರು, ಮೂವತ್ತರಲ್ಲಿ ನಾಲ್ಕು. ನಮ್ಮ ಉದಾಹರಣೆಯ ಡೈವರಿಗೆ ಗೇಜಿನ ಮುಳ್ಳು ನೀರಿನ ಮೇಲೆ ನಿಮಿಷಕ್ಕೆ 2 ಬಾರ್ ಇಳಿದರೆ, 10 ಮೀಟರಿನಲ್ಲಿ 4, 20 ಮೀಟರಿನಲ್ಲಿ 6, 30 ಮೀಟರಿನಲ್ಲಿ 8 ಬಾರ್ ಇಳಿಯುತ್ತದೆ. ಗೇಜು ತೋರಿಸುವುದು ಒತ್ತಡವನ್ನು ಮಾತ್ರ. ಆ ಒತ್ತಡ ಎಷ್ಟು ನಿಮಿಷಕ್ಕೆ ಸಮ ಎಂಬುದು ಆಳವನ್ನು ಅವಲಂಬಿಸಿದೆ. ಅದನ್ನು ಡೈವರ್ ತಲೆಯಲ್ಲೇ ಲೆಕ್ಕ ಹಾಕಿಕೊಳ್ಳಬೇಕು.

ಬೆಂಗಳೂರಿನ ಈಜುಕೊಳದಲ್ಲಿ ಕಲಿತು ನೇತ್ರಾಣಿಗೋ ಅಂಡಮಾನಿಗೋ ಹೊರಡುವವರಿಗೆ ಈ ಕಾರಣಕ್ಕೇ ಒಂದು ತಪ್ಪು ಅಂದಾಜು ಅಂಟಿಕೊಳ್ಳುತ್ತದೆ. ಮೂರು ಮೀಟರ್ ಕೊಳದಲ್ಲಿ ಮುಳ್ಳು ಸೋಮಾರಿಯಂತೆ ಇಳಿಯುತ್ತದೆ. ಹೊಸ ಪರವಾನಗಿ ಪಡೆದವರಿಗೆ ಸಾಮಾನ್ಯವಾಗಿ ಹಾಕಿಕೊಡುವ ಮಿತಿ 18 ಮೀಟರ್. ಅಲ್ಲಿ ಅದೇ ಮುಳ್ಳು ಎರಡು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಇಳಿಯುತ್ತದೆ. ಜೊತೆಗೆ ಅಲೆಯ ಕುಲುಕು, ಸೆಳೆತ, ಮಸುಕಾದ ನೀರು, ಎದೆಬಡಿತ. ಆದ್ದರಿಂದ ಎಲ್ಲರಿಗೂ ಒಪ್ಪುವ ಸರಾಸರಿಯನ್ನು ನಂಬಿ ಕೂರುವ ಬದಲು ತಮ್ಮ ಉಸಿರಿನ ಅಂಕಿಯನ್ನು ತಾವೇ ಅಳೆದುಕೊಳ್ಳುವುದು ಒಳ್ಳೆಯದು. ಇದಕ್ಕೆ ಏಳನೇ ತರಗತಿಯ ಗಣಿತ ಸಾಕು. ಹತ್ತು ಮೀಟರಿನಲ್ಲಿ ಇಪ್ಪತ್ತು ನಿಮಿಷ ಕಳೆದಾಗ 80 ಬಾರ್ ಖರ್ಚಾಯಿತು ಎಂದರೆ, ಅದನ್ನು ಸಿಲಿಂಡರಿನ 11 ಲೀಟರಿನಿಂದ ಗುಣಿಸಿ, ಇಪ್ಪತ್ತರಿಂದ ಭಾಗಿಸಿ, ಆ ಆಳದ ಒತ್ತಡವಾದ ಎರಡರಿಂದ ಮತ್ತೆ ಭಾಗಿಸಿದರೆ ನಿಮಿಷಕ್ಕೆ 22 ಲೀಟರ್ ಎಂದು ಸಿಗುತ್ತದೆ. ನಾಲ್ಕಾರು ಡೈವುಗಳ ಅಂಕಿಯನ್ನು ಲಾಗ್‌ಬುಕ್ಕಿನಲ್ಲಿ ಬರೆದಿಟ್ಟವರಿಗೆ, ಮುಂದಿನ ಡೈವ್ ಎಷ್ಟು ಹೊತ್ತು ನಡೆದೀತು ಎಂಬುದು ದೋಣಿಯಲ್ಲಿ ಕೂತಾಗಲೇ ಗೊತ್ತಿರುತ್ತದೆ. ನೀರಿನಡಿಯಲ್ಲಿ ಇನ್ನೊಂದು ಅಭ್ಯಾಸವೂ ನೆರವಾಗುತ್ತದೆ: ಗೇಜ್ ಎತ್ತಿ ನೋಡುವ ಮೊದಲು ಮುಳ್ಳು ಎಲ್ಲಿರಬಹುದೆಂದು ಮನಸ್ಸಿನಲ್ಲೇ ಊಹಿಸುವುದು. ಎರಡು ಮೂರು ನಿಮಿಷಕ್ಕೊಮ್ಮೆ ಹೀಗೆ ಮಾಡುತ್ತ ಹೋದರೆ ಊಹೆಯೂ ಮುಳ್ಳೂ ಹತ್ತಿರವಾಗುತ್ತವೆ. ಇದ್ದಕ್ಕಿದ್ದಂತೆ ಊಹೆ ತಪ್ಪಿದರೆ ಏನೋ ಬದಲಾಗಿದೆ ಎಂದರ್ಥ. ತಿಳಿಯದೆ ಆಳಕ್ಕೆ ಇಳಿದಿರಬಹುದು, ಸೆಳೆತಕ್ಕೆ ಎದುರಾಗಿ ಈಜುತ್ತಿರಬಹುದು, ಎಲ್ಲೋ ಸೋರುತ್ತಿರಬಹುದು.

ಇನ್ನು 50 ಬಾರ್ ವಿಷಯ. ಗೇಜುಗಳಲ್ಲಿ ಐವತ್ತರ ಕೆಳಗಿನ ಭಾಗಕ್ಕೆ ಕೆಂಪು ಬಣ್ಣ ಬಳಿದಿರುತ್ತದೆ. ಐವತ್ತು ಬಾರ್ ಉಳಿಸಿಕೊಂಡು ದೋಣಿ ಹತ್ತಿ ಎಂಬುದು ಜಗತ್ತಿನಾದ್ಯಂತ ಕೇಳಿಬರುವ ಸೂಚನೆ. ಹೊಸಬರ ತಲೆಯಲ್ಲಿ ಇದು ಬಹಳ ಸಲ ಐವತ್ತು ಬಾರ್ ಆದಾಗ ಹೊರಡಿ ಎಂದು ತಿರುಗಿಬಿಡುತ್ತದೆ. ಎರಡರ ನಡುವೆ ಇರುವುದು ಒಂದು ಜೀವದ ಅಂತರ. ಒಬ್ಬರೇ ಇದ್ದರೆ ಐವತ್ತಕ್ಕೆ ಹೊರಟರೂ ನಡೆದೀತು. ನಮ್ಮ 22 ಲೀಟರಿನ ಡೈವರ್ 18 ಮೀಟರಿನಿಂದ ನಿಮಿಷಕ್ಕೆ 9 ಮೀಟರ್ ವೇಗದಲ್ಲಿ ಏರಿ, 5 ಮೀಟರಿನಲ್ಲಿ ಮೂರು ನಿಮಿಷ ಸೇಫ್ಟಿ ಸ್ಟಾಪ್ ಎಂಬ ಮುನ್ನೆಚ್ಚರಿಕೆಯ ನಿಲುಗಡೆ ಮಾಡಿ ಮೇಲೆ ಬಂದರೆ ಖರ್ಚಾಗುವುದು ಇಪ್ಪತ್ತು ಬಾರಿಗಿಂತ ಕಡಿಮೆ. ಹಾಗಾದರೆ ಉಳಿಕೆಯ ಅಗತ್ಯವಾದರೂ ಏನು ಎಂದು ಕೇಳಬಹುದು. ಅದೇ ಹೊತ್ತಿಗೆ ಜೊತೆಗಾರರ ಗಾಳಿ ಮುಗಿದು, ಅವರು ಕತ್ತು ಕತ್ತರಿಸುವ ಸನ್ನೆ ಮಾಡುತ್ತ ಬಂದು ನಿಮ್ಮ ಹಳದಿ ಬಣ್ಣದ ಎರಡನೇ ರೆಗ್ಯುಲೇಟರನ್ನು ಬಾಯಿಗಿಟ್ಟುಕೊಂಡರು ಎಂದುಕೊಳ್ಳಿ. ಈಗ ಒಂದೇ ಸಿಲಿಂಡರಿನಿಂದ ಇಬ್ಬರ ಉಸಿರು, ಅದೂ ಗಾಬರಿಯ ಉಸಿರು. ತಲಾ 30 ಲೀಟರ್ ಎಂದರೂ ನಿಮಿಷಕ್ಕೆ 60 ಲೀಟರ್. ಪರಸ್ಪರ ಹಿಡಿದುಕೊಂಡು, ಕಣ್ಣಲ್ಲಿ ಕಣ್ಣಿಟ್ಟು ಸಮಾಧಾನ ಮಾಡಿಕೊಳ್ಳಲು 18 ಮೀಟರಿನಲ್ಲಿ ಒಂದು ನಿಮಿಷ ಹಿಡಿದರೆ 168 ಲೀಟರ್. ಐದು ಮೀಟರಿನವರೆಗೆ ಏರಲು ಸುಮಾರು 190, ಅಲ್ಲಿ ಮೂರು ನಿಮಿಷಕ್ಕೆ 270, ಕೊನೆಯ ಐದು ಮೀಟರಿಗೆ 45. ಒಟ್ಟು 670 ಲೀಟರಿನ ಆಸುಪಾಸು. 11 ಲೀಟರಿನ ಸಿಲಿಂಡರಿನಲ್ಲಿ 60 ಬಾರಿಗೂ ತುಸು ಹೆಚ್ಚು. ಗೇಜಿನ ದೋಷಕ್ಕೆಂದು ಸ್ವಲ್ಪ ಸೇರಿಸಿದರೆ 70. ಅಂದರೆ ಈ ಆಳದಲ್ಲಿ ಐವತ್ತಕ್ಕೆ ಕಾದು ಕೂತವರು, ತಮಗೆ ತಿಳಿಯದೆಯೇ, ಜೊತೆಗಾರರ ಪಾಲಿನ ಗಾಳಿಯನ್ನು ಆಗಲೇ ಉಸಿರಾಡಿ ಮುಗಿಸಲು ಶುರುಮಾಡಿರುತ್ತಾರೆ. ಇದೇ ಲೆಕ್ಕವನ್ನು 30 ಮೀಟರಿಗೆ ಹಾಕಿದರೆ 90 ಬಾರ್ ದಾಟುತ್ತದೆ. ಹೆಚ್ಚು ಕಡಿಮೆ ಅರ್ಧ ಸಿಲಿಂಡರ್. ಆಳ ಬದಲಾದರೂ ಬದಲಾಗದ ಒಂದೇ ಅಂಕಿಯನ್ನು ಕೈಗೆ ಕೊಟ್ಟು ಕಳಿಸುವುದು ಹೊಸಬರಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಇದಕ್ಕೆ ಅನುಭವಿಗಳಿಂದ ಬರುವ ಆಕ್ಷೇಪ ಸಮಂಜಸವಾದದ್ದೇ. ತುರ್ತಿನಲ್ಲಿ ಸೇಫ್ಟಿ ಸ್ಟಾಪ್ ಕಡ್ಡಾಯವಲ್ಲ, ನೇರ ಮೇಲೆ ಬಂದುಬಿಡಬಹುದು, ಆಗ 18 ಮೀಟರಿನಿಂದ ಇಬ್ಬರಿಗೂ 40 ಬಾರ್ ಸಾಕು ಎನ್ನುತ್ತಾರೆ. ಲೆಕ್ಕ ಸರಿ. ಹವ್ಯಾಸಿ ಮಿತಿಯೊಳಗಿನ ಡೈವಿನಲ್ಲಿ ಗಾಳಿಯಿಲ್ಲದೆ ಆ ನಿಲುಗಡೆಗಾಗಿ ಹಟ ಹಿಡಿಯಬಾರದು ಎಂಬುದೂ ಸರಿ. ಆದರೆ ಗಾಬರಿಗೊಂಡ ಇಬ್ಬರಲ್ಲಿ ಒಬ್ಬರು ತೇಲುವಿಕೆ ಹೊಂದಿಸುವ ಜಾಕೆಟಿನ ಗಾಳಿ ಬಿಡಲು ತಡಮಾಡುವುದು, ಕನ್ನಡಕದೊಳಗೆ ನೀರು ನುಗ್ಗುವುದು, ನೆತ್ತಿಯ ಮೇಲೆ ದೋಣಿಯ ಸದ್ದು ಕೇಳಿ ಅರೆಗಳಿಗೆ ನಿಲ್ಲಬೇಕಾಗಿ ಬರುವುದು, ಇವೆಲ್ಲ ಆಗುವಂಥವೇ. ಎಲ್ಲವೂ ಸುಸೂತ್ರವಾಗಿ ನಡೆದರೆ ಮಾತ್ರ ಸಾಲುವ ಗಾಳಿಯನ್ನು ಮೀಸಲು ಎಂದು ಕರೆಯಲಾಗದು. ಇನ್ನೂ ಮುಂದೆ ಹೋಗಿ, ಗಾಳಿ ಪೂರ್ತಿ ಮುಗಿದರೂ ಈಜಿಕೊಂಡು ಮೇಲೆ ಬರಬಹುದಲ್ಲ, ತರಬೇತಿಯಲ್ಲಿ ಅದನ್ನೂ ಮಾಡಿಸುತ್ತಾರಲ್ಲ ಎನ್ನುವವರಿದ್ದಾರೆ. ಮಾಡಿಸುತ್ತಾರೆ, ಆದರೆ ಅದು ಕೊನೆಯ ದಾರಿಯೆಂದೇ ಹೇಳಿ ಮಾಡಿಸುತ್ತಾರೆ. ರಾಬರ್ಟ್ ಬಾಯ್ಲ್ 1662ರಲ್ಲಿ ತೋರಿಸಿಕೊಟ್ಟ ನಿಯಮದ ಪ್ರಕಾರ ಒತ್ತಡ ಅರ್ಧವಾದರೆ ಅನಿಲದ ಗಾತ್ರ ಇಮ್ಮಡಿ. ಹತ್ತು ಮೀಟರಿನಲ್ಲಿ ತುಂಬಿಕೊಂಡ ಶ್ವಾಸಕೋಶದ ಗಾಳಿ ನೀರಿನ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಜಾಗ ಕೇಳುತ್ತದೆ. ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲೆ ನುಗ್ಗಿದವರ ಶ್ವಾಸಕೋಶ ಹರಿದು, ಗಾಳಿಗುಳ್ಳೆಗಳು ರಕ್ತಕ್ಕೆ ಸೇರಿ ಮಿದುಳನ್ನು ತಲುಪಬಹುದು. ತುಂಬಿದ ಎದೆಗೆ ಒಂದೆರಡು ಮೀಟರಿನ ಏರಿಕೆಯೇ ಈ ಗಾಯ ಮಾಡಬಲ್ಲದು. ಆ 2008ರ ಅಧ್ಯಯನದಲ್ಲಿ, ಮೊದಲ ತೊಂದರೆಯನ್ನು ಮಾರಕವಾಗಿಸಿದ ಮುಂದಿನ ಹಂತ ಗುರುತಾದ ಪ್ರಕರಣಗಳ ಪೈಕಿ ಶೇ. 55ರಲ್ಲಿ ಅದು ತುರ್ತು ಏರಿಕೆಯಾಗಿತ್ತು. ಗಾಳಿ ಮುಗಿಯುವುದು ಮತ್ತು ಗಾಬರಿಯಿಂದ ಮೇಲೇರುವುದು ಒಂದೇ ಸರಪಳಿಯ ಎರಡು ಕೊಂಡಿಗಳು. ಮೊದಲನೆಯದನ್ನು ದೋಣಿಯಲ್ಲಿ ಕೂತು ತಡೆಯುವುದು ಸುಲಭ, ಎರಡನೆಯದನ್ನು ನೀರಿನಡಿಯಲ್ಲಿ ತಡೆಯುವುದು ಕಷ್ಟ.

ಗಾಳಿ ಬೇಗ ಮುಗಿಯುವುದೇ ಸಮಸ್ಯೆಯಾದರೆ ಕಡಿಮೆ ಉಸಿರಾಡಿದರಾಯಿತು ಎಂಬ ಯೋಚನೆ ಹೊಸಬರಿಗೆ ಸಹಜವಾಗಿ ಬರುತ್ತದೆ. ಉಸಿರು ತಡೆತಡೆದು ಬಿಡುವ ಈ ಉಪಾಯ ಕೆಲಸಕ್ಕೆ ಬಾರದ್ದು ಮಾತ್ರವಲ್ಲ, ಅಪಾಯದ್ದು. ಉಸಿರಾಡಬೇಕೆಂಬ ತವಕ ಹುಟ್ಟುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ. ತಡೆದಷ್ಟೂ ಅದು ಶೇಖರವಾಗಿ, ತಲೆನೋವು, ಚಡಪಡಿಕೆ, ಆಮೇಲೆ ತಡೆಯಲಾಗದ ಏದುಸಿರು. ಉಳಿಸಿದ್ದೆಂದುಕೊಂಡ ಗಾಳಿ ನಾಲ್ಕು ಪಟ್ಟಾಗಿ ಹೋಗುತ್ತದೆ, ಮಂಕು ಕವಿದ ಬುದ್ಧಿ ಬೇರೆ. ನಿಧಾನವಾಗಿ, ಆಳವಾಗಿ, ಪೂರ್ತಿ ಹೊರಬಿಡುತ್ತ ಉಸಿರಾಡುವುದು ಸರಿಯಾದ ಕ್ರಮ. ಬಾಯಿ, ಗಂಟಲು, ರೆಗ್ಯುಲೇಟರಿನಲ್ಲಿ ಉಳಿಯುವ ಹಳೆಯ ಗಾಳಿಯ ಪ್ರಮಾಣ ಪ್ರತಿ ಉಸಿರಿಗೂ ಅಷ್ಟೇ ಇರುವುದರಿಂದ, ಮೇಲುಸಿರಿನಲ್ಲಿ ಹೊಸ ಗಾಳಿಯ ಪಾಲು ಕಡಿಮೆಯಾಗುತ್ತದೆ. ಆದರೆ ನಿಜವಾದ ಉಳಿತಾಯ ಇರುವುದು ಉಸಿರಿನಲ್ಲಲ್ಲ, ಈಜಿನಲ್ಲಿ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಅದರಲ್ಲಿ ವೇಗವನ್ನು ಎರಡು ಪಟ್ಟು ಮಾಡಿಕೊಳ್ಳಲು ಹೆಚ್ಚುಕಡಿಮೆ ಎಂಟು ಪಟ್ಟು ಶಕ್ತಿ ಬೇಕು. ಒಂದು ಆಮೆಯ ಬೆನ್ನು ಹತ್ತಿದ ಅರ್ಧ ನಿಮಿಷದ ಬೆಲೆಯನ್ನು ಮುಂದಿನ ಐದು ನಿಮಿಷದ ಏದುಸಿರಿನಲ್ಲಿ ತೆರಬೇಕಾಗುತ್ತದೆ. ಸೊಂಟಕ್ಕೆ ಕಟ್ಟುವ ಸೀಸದ ತೂಕ ಹೆಚ್ಚಾದರೂ ಹೀಗೆಯೇ: ಅದನ್ನು ಸರಿತೂಗಿಸಲು ಜಾಕೆಟಿಗೆ ಗಾಳಿ ತುಂಬಬೇಕು, ಕಾಲು ಜೋತು ದೇಹ ಓರೆಯಾಗುತ್ತದೆ, ಓರೆಯಾದ ದೇಹ ನೀರನ್ನು ಎದೆಯಿಂದ ತಳ್ಳುತ್ತ ಸಾಗಬೇಕು. ಹೊಸಬರು ಬೇಗ ಮುಳುಗಲಿ ಎಂದು ಎರಡು ಕಿಲೋ ಸೀಸ ಹೆಚ್ಚಿಗೆ ಕಟ್ಟಿಬಿಡುವ ರೂಢಿ ಅನೇಕ ಕಡೆ ಇದೆ. ಇಳಿಯುವುದು ಸುಲಭವಾಗುತ್ತದೆ ನಿಜ, ಆದರೆ ಆ ಎರಡು ಕಿಲೋದ ಬೆಲೆಯನ್ನು ಡೈವಿನುದ್ದಕ್ಕೂ ಗಾಳಿಯಲ್ಲೇ ಕಟ್ಟಬೇಕು.

ಗೇಜು ನಮಗೆ ಸಿಕ್ಕಿರುವುದು ಎಷ್ಟು ದೊಡ್ಡ ಅನುಕೂಲ ಎಂಬುದು ಹಿಂದಿನ ಕಾಲವನ್ನು ನೆನೆದರೆ ತಿಳಿಯುತ್ತದೆ. ಫ್ರಾನ್ಸಿನ ಜಾಕ್ ಕುಸ್ಟೋ ಮತ್ತು ಎಮಿಲ್ ಗಾನ್ಯಾ 1943ರಲ್ಲಿ ಬೇಡಿಕೆಗೆ ತಕ್ಕಂತೆ ಗಾಳಿ ಕೊಡುವ ರೆಗ್ಯುಲೇಟರನ್ನು ಬಳಕೆಗೆ ತಂದರು. ಆ ಮೇಲೆ ಬಹಳ ವರ್ಷಗಳ ಕಾಲ ಹವ್ಯಾಸಿ ಡೈವರ್‌ಗಳ ಬಳಿ ನೀರಿನಡಿ ಓದುವ ಗೇಜು ಇರಲಿಲ್ಲ. ಸಿಲಿಂಡರಿನಲ್ಲಿ ಸ್ಪ್ರಿಂಗ್ ಇರುವ ಒಂದು ಮೀಸಲು ಕವಾಟ. ಒತ್ತಡ ತಗ್ಗಿದಾಗ ಉಸಿರು ಬಿಗಿಯಾಗುತ್ತಿತ್ತು, ಆಗ ಬೆನ್ನ ಹಿಂದಿನ ಸರಳನ್ನು ಎಳೆದರೆ ಉಳಿದಷ್ಟು ಗಾಳಿ ಸಿಗುತ್ತಿತ್ತು. ಆ ಸರಳು ಯಾವುದಕ್ಕೋ ಸಿಕ್ಕಿ ಮೊದಲೇ ಎಳೆದುಹೋಗಿದ್ದರೆ ಮೀಸಲು ಸದ್ದಿಲ್ಲದೆ ಖರ್ಚಾಗಿರುತ್ತಿತ್ತು. ಈಗ ಗೇಜು ಮಾತ್ರವಲ್ಲ, ಕೈಗಡಿಯಾರದಂಥ ಡೈವ್ ಕಂಪ್ಯೂಟರುಗಳು ಸಿಲಿಂಡರಿನ ಒತ್ತಡವನ್ನು ತಂತಿಯಿಲ್ಲದೆ ಓದಿ, ಇನ್ನೆಷ್ಟು ನಿಮಿಷದ ಗಾಳಿಯಿದೆ ಎಂದೂ ತೋರಿಸುತ್ತವೆ. ಹೀಗಿರುವಾಗ ತಲೆಲೆಕ್ಕ ಏಕೆ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೆ: ಕಂಪ್ಯೂಟರ್ ಲೆಕ್ಕ ಹಾಕುವುದು ಅದನ್ನು ಕಟ್ಟಿಕೊಂಡ ಒಬ್ಬರ ಉಸಿರನ್ನು, ಈ ತನಕ ಅವರು ಉಸಿರಾಡಿದ ರೀತಿಯನ್ನು. ಇನ್ನೊಂದು ಬಾಯಿ ಆ ಸಿಲಿಂಡರಿಗೆ ಜೋಡಿಯಾಗುವ ಸಂದರ್ಭಕ್ಕೆ ಎಷ್ಟು ಉಳಿಸಬೇಕೆಂಬುದನ್ನು ಅದಕ್ಕೆ ಮನುಷ್ಯರೇ ಮೊದಲು ಹೇಳಿಕೊಡಬೇಕು. ಇನ್ನು ರೆಗ್ಯುಲೇಟರ್ ದಿಢೀರನೆ ಬಂದ್ ಆಗುತ್ತದೆಂಬ ಭಯ. ಅದು ಕೆಟ್ಟಾಗ ಸಾಮಾನ್ಯವಾಗಿ ಗಾಳಿ ನಿಲ್ಲುವುದರ ಬದಲು ಒಂದೇ ಸಮನೆ ಹೊರನುಗ್ಗುವಂತೆ ವಿನ್ಯಾಸ ಮಾಡಿದ್ದಾರೆ. ಹೆಚ್ಚು ಭಯಪಡಬೇಕಾದ್ದು ಅರ್ಧ ತೆರೆದ ಸಿಲಿಂಡರ್ ಕವಾಟಕ್ಕೆ. ದೋಣಿಯ ಮೇಲೆ ಅದು ಸಲೀಸಾಗಿ ಗಾಳಿ ಕೊಡುತ್ತದೆ. ಆಳದಲ್ಲಿ, ದಟ್ಟ ಗಾಳಿ ಬೇಕಾದಾಗ ಸಾಲದಾಗುತ್ತದೆ. ನೀರಿಗೆ ಹಾರುವ ಮೊದಲು ಗೇಜ್ ನೋಡುತ್ತಲೇ ಐದಾರು ಸಲ ಜೋರಾಗಿ ಉಸಿರೆಳೆದರೆ ಸಾಕು. ಪ್ರತಿ ಉಸಿರಿಗೂ ಮುಳ್ಳು ಕುಸಿದು ಮತ್ತೆ ಏರಿದರೆ ಕವಾಟ ಪೂರ್ತಿ ತೆರೆದಿಲ್ಲ.

ನಮ್ಮ ಕರಾವಳಿಯಲ್ಲಿ ಈ ಕ್ರೀಡೆ ಪರಿಚಯವಾದ ರೀತಿಯಿಂದಲೂ ಒಂದು ತೊಡಕಿದೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ ಮಳೆಗಾಲ ಕಳೆದ ಮೇಲೆ ಹೋಗುವವರಲ್ಲಿ ಬಹುಪಾಲು ಜನ ಒಂದು ದಿನದ ಪರಿಚಯ ಡೈವಿನವರು. ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಇರುತ್ತಾರೆ, ಸಿಲಿಂಡರ್ ಹಿಡಿದಿರುತ್ತಾರೆ, ಗೇಜನ್ನೂ ಅವರೇ ನೋಡುತ್ತಾರೆ. ಮೊದಲ ಸಲಕ್ಕೆ ಅದು ಹಾಗೆಯೇ ಇರಬೇಕು. ಆದರೆ ಗಾಳಿಯ ಚಿಂತೆ ಬೇರೆಯವರದು ಎಂಬ ಭಾವನೆ ಅಲ್ಲಿ ಬೇರೂರಿದರೆ, ಮುಂದೆ ಕೋರ್ಸ್ ಮುಗಿಸಿ ಪರವಾನಗಿ ಪಡೆದ ಮೇಲೂ ಅದು ಬಿಡುವುದಿಲ್ಲ. ಗೈಡ್ ಇದ್ದಾರಲ್ಲ, ಹೊತ್ತಾದಾಗ ಅವರೇ ಹೇಳುತ್ತಾರೆ ಎನ್ನುವ ಮಾತು ಪರವಾನಗಿ ಇರುವವರ ಬಾಯಿಂದಲೂ ಬರುತ್ತದೆ. ನಾಲ್ವರನ್ನು ಕರೆದೊಯ್ಯುವ ಗೈಡಿಗೆ ನಾಲ್ಕು ಗೇಜುಗಳನ್ನು ಸದಾ ಓದಲು ಸಾಧ್ಯವಿಲ್ಲ. ಅರಬ್ಬಿ ಸಮುದ್ರದಲ್ಲಿ ನೀರು ಕಲಕಿದ ದಿನ ಕೆಲವೇ ಮೀಟರ್ ಆಚೆಗಿನವರು ಕಾಣುವುದೂ ಇಲ್ಲ. ಗೈಡ್ ಕೇಳಿದಾಗ ಉತ್ತರಿಸುವುದು ಸಾಲದು. ಕೇಳುವ ಮೊದಲೇ ಹೇಳುವಷ್ಟು ನಿಮ್ಮ ಅಂಕಿ ನಿಮಗೆ ಗೊತ್ತಿರಬೇಕು.

ಇಷ್ಟೆಲ್ಲ ಗೊತ್ತಿದ್ದವರೂ ಕೆಂಪು ಗೆರೆ ದಾಟುವುದುಂಟು. ಅದಕ್ಕೆ ಕಾರಣ ಸಂಕೋಚ, ಇದರ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. ದುಡ್ಡು ಕೊಟ್ಟು, ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಅಲೆಯಲ್ಲಿ ಹೊಟ್ಟೆ ತೊಳಸಿಕೊಂಡು ಬಂದ ಐದಾರು ಜನರ ಗುಂಪಿನಲ್ಲಿ ಮೊದಲು ಗಾಳಿ ಮುಗಿಸಿದವರು ತಾನಾಗಬಾರದು, ತನ್ನಿಂದ ಎಲ್ಲರ ಡೈವ್ ಹಾಳಾಗಬಾರದು ಎನಿಸುತ್ತದೆ. ಎತ್ತರ, ತೂಕ, ಕಾತರ, ಅನುಭವ ಎಲ್ಲವೂ ಉಸಿರಿನ ಅಂಕಿಯನ್ನು ಬದಲಿಸುತ್ತವೆ. ಹೆಚ್ಚು ಗಾಳಿ ಬೇಕಾಗುವುದು ತಪ್ಪಲ್ಲ. ಇದಕ್ಕೆ ಮದ್ದು ನೀರಿಗಿಳಿಯುವ ಮೊದಲೇ ಇದೆ. ಗುಂಪಿನಲ್ಲಿ ಅತಿ ಹೆಚ್ಚು ಉಸಿರಾಡುವವರ ಅಂಕಿಯ ಮೇಲೆ ಎಲ್ಲರ ಯೋಜನೆ ನಿಲ್ಲಬೇಕು. 200ರಿಂದ ಮೀಸಲಿನ 70 ಕಳೆದರೆ ಬಳಸಲು ಉಳಿಯುವುದು 130. ದೋಣಿಯ ಲಂಗರಿಗೇ ಮರಳಬೇಕಾದ ಡೈವಿನಲ್ಲಿ ಅದರ ಅರ್ಧ, ಅಂದರೆ 65 ಖರ್ಚಾಗಿ, ಯಾರ ಮುಳ್ಳಾದರೂ ಮೊದಲು 135 ಮುಟ್ಟಿದ ಕೂಡಲೇ ಎಲ್ಲರೂ ತಿರುಗಬೇಕು. ಹೋಗುವಾಗ ಸೆಳೆತಕ್ಕೆ ಎದುರಾಗಿ ಹೋದರೆ ಬರುವಾಗ ಅದೇ ಕರೆತರುತ್ತದೆ. ಡೈವ್ ತೀರಾ ಚಿಕ್ಕದಾಯಿತು ಎನ್ನುವವರಿಗೆ ಆಳ ಕಡಿಮೆ ಮಾಡುವ ದಾರಿ ಇದೆ: ಅದೇ 130 ಬಾರ್ ನಮ್ಮ ಉದಾಹರಣೆಯ ಡೈವರಿಗೆ 18 ಮೀಟರಿನಲ್ಲಿ 23 ನಿಮಿಷ ಬಂದರೆ 10 ಮೀಟರಿನಲ್ಲಿ 32 ನಿಮಿಷ ಬರುತ್ತದೆ, ಅಷ್ಟು ಮೇಲಿದ್ದರೆ ಮೀಸಲಿನ ಅಗತ್ಯವೂ ತಗ್ಗುತ್ತದೆ. ಬೆಳಕು ಚೆನ್ನಾಗಿ ಬೀಳುವುದೂ ಅಲ್ಲೇ, ಹವಳದ ಬಂಡೆಗಳ ಸುತ್ತ ಮೀನು ಹೆಚ್ಚಾಗಿ ಕಾಣುವುದೂ ಅಲ್ಲೇ. ದೋಣಿಯಲ್ಲಿ ಕೊಡುವ ಸೂಚನೆಗಳಲ್ಲಿ ಆಳ ಮತ್ತು ಸಮಯದ ಜೊತೆಗೆ ತಿರುಗುವ ಅಂಕಿ, ಏರುವ ಅಂಕಿ ಎರಡನ್ನೂ ಹೇಳುವುದು ಡೈವ್ ನಡೆಸುವವರ ಹೊಣೆ. ಹೇಳದಿದ್ದರೆ ಕೇಳುವುದು, ಕೇಳಿದ ಮೇಲೆ ಜೊತೆಗಾರರ ಹಳದಿ ರೆಗ್ಯುಲೇಟರ್ ಎಲ್ಲಿ ಸಿಕ್ಕಿಸಿದೆ ಎಂದು ಮುಟ್ಟಿ ನೋಡಿ, ಅದರಿಂದ ಎರಡು ಉಸಿರು ಎಳೆದು, ನಿಮ್ಮದನ್ನೂ ಅವರಿಂದ ಹಾಗೆಯೇ ಮಾಡಿಸುವುದು ಹೊಸಬರು ಮೊದಲ ಡೈವಿನಿಂದಲೇ ಶುರುಮಾಡಬಹುದಾದ ಕೆಲಸ. ಇದಕ್ಕೆ ಎರಡು ನಿಮಿಷ ಹಿಡಿಯುತ್ತದೆ, ಉಳಿದವರು ಕಾಯುತ್ತಾರೆ.